ಬೀನ್ಸ್ ತಳಿ ಸಂಕರ: ಮೊಗ್ಗು ಬಿಡಿಸುವುದರಿಂದ ಕಾಯಿ ಕಚ್ಚುವವರೆಗೆ

ಬೀನ್ಸ್ ಹೂವು ಅರಳಿ ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಅದರೊಳಗೆ ಪರಾಗಸ್ಪರ್ಶ ಮುಗಿದೇ ಹೋಗಿರುತ್ತದೆ. ಅರಳುವ ಮುಂಚಿನ ರಾತ್ರಿಯ ಹೊತ್ತಿಗೇ ಪರಾಗಕೋಶಗಳು, ಅಂದರೆ ಗಂಡು ಭಾಗದ ಪುಡಿ ಚೀಲಗಳು, ಒಡೆದು, ಪಕ್ಕದಲ್ಲೇ ಇರುವ ಶಲಾಕಾಗ್ರಕ್ಕೆ, ಅಂದರೆ ಹೆಣ್ಣು ಭಾಗದ ತುದಿಗೆ, ಪುಡಿ ಅಂಟುತ್ತದೆ. ಹಾಗಾಗಿ ಎರಡು ತಳಿಗಳನ್ನು ಕೂಡಿಸುವವರು ತಾಯಿ ಗಿಡದಲ್ಲಿ ಅರಳಿದ ಹೂವನ್ನು ಮುಟ್ಟಿ ಪ್ರಯೋಜನವಿಲ್ಲ. ಬಣ್ಣ ತಿರುಗಿ, ಉಬ್ಬಿ, ಮರುದಿನ ಅರಳಲು ಸಿದ್ಧವಾಗಿರುವ ಮೊಗ್ಗು ಬೇಕು. ಆ ಹಂತದಲ್ಲಿ ಶಲಾಕಾಗ್ರ ಪರಾಗ ಸ್ವೀಕರಿಸುವಷ್ಟು ಬಲಿತಿರುತ್ತದೆ, ಪರಾಗಕೋಶ ಮಾತ್ರ ಇನ್ನೂ ಒಡೆದಿರುವುದಿಲ್ಲ.

ಬೇಕಾದ ಸಾಮಾನು ಕಡಿಮೆ: ಮೊನೆ ಚೂಪಾದ ಚಿಮುಟ, ಭೂತಗನ್ನಡಿ, ಸ್ಪಿರಿಟ್, ದಾರ ಕಟ್ಟಿದ ಚೀಟಿಗಳು. ಬಿಸಿಲೇರುವ ಮುನ್ನ, ಗಾಳಿಯಲ್ಲಿ ತೇವ ಇರುವಾಗಲೇ ಕೆಲಸ ಮುಗಿಸಿ.

ಎಡಗೈಯಲ್ಲಿ ಮೊಗ್ಗನ್ನು ಹಗುರವಾಗಿ ಹಿಡಿದು, ಹೊರಗಿನ ದೊಡ್ಡ ದಳದ ಅಂಚು ಕೂಡುವ ಗೆರೆಯಲ್ಲಿ ಚಿಮುಟದ ಮೊನೆ ತೂರಿಸಿ ಬಿಡಿಸಿ. ಒಳಗೆ ಎರಡು ರೆಕ್ಕೆ ದಳಗಳು, ಅವುಗಳ ನಡುವೆ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ದೋಣಿ ದಳ ಕಾಣುತ್ತವೆ. ಆ ಸುರುಳಿಯನ್ನು ಚೂರುಚೂರಾಗಿ ಕಿತ್ತರೆ ತುದಿಯಲ್ಲಿ ಪರಾಗಕೋಶ ಹೊತ್ತ ಹತ್ತು ಕೇಸರಗಳೂ (ಗಂಡು ಎಳೆಗಳು) ಅವುಗಳ ಮಧ್ಯೆ ಶಲಾಕೆಯೂ (ಶಲಾಕಾಗ್ರ ಹೊತ್ತ ಹೆಣ್ಣು ಕಡ್ಡಿ) ಹೊರಬರುತ್ತವೆ. ಹತ್ತು ಪರಾಗಕೋಶಗಳನ್ನೂ ತೆಗೆಯಿರಿ. ಒಂದಾದರೂ ಒಡೆದು ಹಳದಿ ಪುಡಿ ಉದುರಿಸಿದ್ದರೆ ಆ ಮೊಗ್ಗನ್ನು ಕೈಬಿಡಿ. ಶಲಾಕೆಗೆ ಪೆಟ್ಟಾದರೂ ಅಷ್ಟೇ, ಕಾಯಿ ನಿಲ್ಲದು.

ಪರಾಗಕ್ಕೆ ತಂದೆ ತಳಿಯಲ್ಲಿ ಅದೇ ಬೆಳಿಗ್ಗೆ ಅರಳಿದ ಹೂವು ಆರಿಸಿ. ಅದರ ರೆಕ್ಕೆ ದಳಗಳನ್ನು ಕೆಳಕ್ಕೆ ಒತ್ತಿದರೆ ಪುಡಿ ಮೆತ್ತಿದ ಶಲಾಕಾಗ್ರ ತಾನೇ ಹೊರಗೆ ಚಾಚುತ್ತದೆ. ಅದನ್ನು ಮುರಿದು ತಾಯಿ ಮೊಗ್ಗಿನ ಶಲಾಕಾಗ್ರಕ್ಕೆ ಮೃದುವಾಗಿ ಸವರಿ. ಕೆಲವರು ಕೇಸರ ತೆಗೆಯುವ ಗೋಜಿಗೇ ಹೋಗದೆ, ತಂದೆ ಹೂವಿನ ಬಾಗಿದ ಶಲಾಕೆಯನ್ನು ತಾಯಿಯದಕ್ಕೆ ಕೊಕ್ಕೆಯಂತೆ ಸಿಕ್ಕಿಸಿ ಬಿಡುತ್ತಾರೆ. ಮೊಗ್ಗಿಗೆ ಗಾಯ ಕಡಿಮೆಯಾಗುವುದರಿಂದ ಕಾಯಿ ಹೆಚ್ಚು ನಿಲ್ಲುತ್ತದೆ. ಸ್ವಂತ ಪರಾಗ ಸೇರುವ ಅಪಾಯ ಮಾತ್ರ ಉಳಿಯುತ್ತದೆ. ಕಲಿಯುವವರು ಮೊದಲು ಕೇಸರ ತೆಗೆದೇ ಅಭ್ಯಾಸ ಮಾಡುವುದು ಒಳ್ಳೆಯದು.

ಕೊನೆಗೆ ದೊಡ್ಡ ದಳವನ್ನು ಮೊದಲಿನಂತೆ ಮಡಚಿ ಮುಚ್ಚಿ. ಶಲಾಕಾಗ್ರ ಒಣಗದಂತೆ ಅದು ಕಾಯುತ್ತದೆ. ಚೀಟಿಯಲ್ಲಿ ತಾಯಿಯ ಹೆಸರು ಮೊದಲು, ತಂದೆಯದು ನಂತರ, ಜೊತೆಗೆ ದಿನಾಂಕ ಬರೆದು ಕಟ್ಟಿ. ತಂದೆ ತಳಿ ಬದಲಿಸುವಾಗ ಚಿಮುಟವನ್ನು ಸ್ಪಿರಿಟ್‌ನಲ್ಲಿ ಅದ್ದಿ ಒಣಗಿಸಿ.

ಇಷ್ಟಾದರೂ ಅರ್ಧ ಕೆಲಸ ಬಾಕಿಯಿದೆ. ತನ್ನಷ್ಟಕ್ಕೆ ಬಿಟ್ಟ ಬೀನ್ಸ್ ಗಿಡವೂ ಹೂವು, ಹೀಚುಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಉದುರಿಸುವುದುಂಟು. ಮೊದಲು ಕಚ್ಚಿದ ಕಾಯಿಗಳು ಆಹಾರ ಎಳೆದುಕೊಂಡು ನಂತರದವನ್ನು ಉದುರಿಸುತ್ತವೆ. ಆದ್ದರಿಂದ ಗೊಂಚಲಿನ ಬುಡದಲ್ಲಿ ಮೊದಲು ಬರುವ ಮೊಗ್ಗುಗಳನ್ನೇ ಸಂಕರಕ್ಕೆ ಬಳಸಿ. ಆ ಗಿಡದ ಉಳಿದ ಹೂವು, ಕಾಯಿಗಳನ್ನು ಕನಿಕರವಿಲ್ಲದೆ ಚಿವುಟಿ. ಹಗಲು 30 ಡಿಗ್ರಿ ಸೆಲ್ಸಿಯಸ್ ದಾಟಿ ರಾತ್ರಿಯೂ ಸೆಕೆ ಇಳಿಯದ ದಿನಗಳಲ್ಲಿ ಪರಾಗವೇ ಸೊರಗುತ್ತದೆ, ಎಷ್ಟು ನಾಜೂಕಾಗಿ ಮಾಡಿದರೂ ಫಲ ಕಡಿಮೆ. ಮಣ್ಣಿನ ಹದ ಆರದಂತೆಯೂ ನೋಡಿಕೊಳ್ಳಿ. ಕೆಲವೇ ದಿನಗಳಲ್ಲಿ ಒಣಗಿದ ದಳದ ನಡುವಿನಿಂದ ಹಸಿರು ಹೀಚು ಇಣುಕಿದರೆ ಕಾಯಿ ಕಚ್ಚಿದಂತೆ. ತೊಟ್ಟು ಹಳದಿಯಾದರೆ ಅದು ಉದುರುತ್ತದೆ.

ಕಾಯಿ ಗಿಡದಲ್ಲೇ ಒಣಗಲಿ. ಒಳಗಿನ ಕಾಳು ತಾಯಿ ತಳಿಯ ಕಾಳಿನಂತೆಯೇ ಕಂಡರೆ ನಿರಾಶರಾಗಬೇಡಿ: ಕಾಳಿನ ಸಿಪ್ಪೆ ತಾಯಿ ಗಿಡದ್ದೇ ಅಂಗಾಂಶ, ತಂದೆಯ ಪಾಲಿರುವುದು ಒಳಗಿನ ಭ್ರೂಣದಲ್ಲಿ. ಸಂಕರ ನಿಜವೇ ಎಂದು ತಿಳಿಯಲು ಬಿಳಿ ಹೂವಿನ ತಾಯಿಗೆ ನೇರಳೆ ಹೂವಿನ ತಂದೆಯನ್ನು ಕೂಡಿಸುವುದು ಸುಲಭದ ದಾರಿ. ಬಿತ್ತಿದ ಗಿಡ ನೇರಳೆ ಹೂವು ಬಿಟ್ಟರೆ ಸಂಕರ ಫಲಿಸಿದೆ. ಬಿಳಿ ಬಿಟ್ಟರೆ ಅದು ಸ್ವಪರಾಗದ ಗಿಡ, ಕಿತ್ತುಬಿಡಿ. ಉಳಿದ ಪ್ರತಿ ಗಿಡದ ಕಾಳನ್ನೂ ಬೇರೆ ಬೇರೆ ಪೊಟ್ಟಣದಲ್ಲಿ ಇಡಿ. ಅವನ್ನು ಬಿತ್ತಿ ಬೆಳೆದಾಗಲೇ ಗಿಡದಿಂದ ಗಿಡಕ್ಕೆ ಗುಣಗಳು ಬೇರ್ಪಟ್ಟು, ಆರಿಸಿಕೊಳ್ಳುವ ಕೆಲಸ ಶುರುವಾಗುತ್ತದೆ.