ದಮ್ಮಿನ ರೋಗಿಗಳು ಪಂಪು ಕೈಬಿಡದಂತೆ ನೋಡಿಕೊಂಡ ಬಗೆ

ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ವೈದ್ಯನಾಗಿರುವ ನನ್ನ ಬಳಿಗೆ ಬರುವವರಲ್ಲಿ ದೊಡ್ಡ ಪಾಲು ದಮ್ಮಿನವರದು. ಹರೆಯದಿಂದಲೇ ಬೀಡಿ ಸೇದುತ್ತ ಬಂದ ಗಂಡಸರು, ಅರ್ಧ ಆಯುಷ್ಯವನ್ನು ಸೌದೆ ಒಲೆಯ ಮುಂದೆ ಕಳೆದ ಹೆಂಗಸರು. ಸಿಒಪಿಡಿ, ಅಂದರೆ ಶ್ವಾಸನಾಳಗಳು ಕಿರಿದಾಗಿ ಉಸಿರಾಟ ಕಷ್ಟವಾಗುವ ದೀರ್ಘಕಾಲದ ಕಾಯಿಲೆ ಎಂದು ನಾವು ಬರೆಯುವ ಇದರಿಂದ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಜನ ತೀರಿಕೊಂಡರೆಂದು ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. ಹಾಳಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವ ಮದ್ದು ಇಲ್ಲವಾದರೂ, ಇರುವ ಮದ್ದನ್ನು ಪಂಪಿನಿಂದ (ಇನ್‌ಹೇಲರಿನಿಂದ) ದಿನವೂ ಸರಿಯಾಗಿ ಉಸಿರಿನೊಡನೆ ಎಳೆದುಕೊಂಡರೆ ಏದುಸಿರು ತಗ್ಗುತ್ತದೆ, ಆಸ್ಪತ್ರೆಗೆ ದಾಖಲಾಗಬೇಕಾದ ಪ್ರಸಂಗಗಳು ಕಡಿಮೆಯಾಗುತ್ತವೆ. ಆದರೆ ಮತ್ತೆ ಮತ್ತೆ ದಾಖಲಾಗುವವರ ಮನೆಯಲ್ಲಿ ಮದ್ದು ಇದ್ದೇ ಇರುತ್ತದೆ. ಅದು ಶ್ವಾಸಕೋಶದವರೆಗೆ ತಲುಪಿರುವುದಿಲ್ಲ. ಎಲ್ಲಿ ನಿಂತುಹೋಯಿತು ಎಂದು ಒಬ್ಬೊಬ್ಬರಲ್ಲೂ ಹುಡುಕುವುದನ್ನೇ ನಾನು ನನ್ನ ಮುಖ್ಯ ಕೆಲಸವೆಂದು ತಿಳಿದಿದ್ದೇನೆ.

ಹುಡುಕಾಟ ಶುರುವಾಗುವುದು ಕೇಳುವ ರೀತಿಯಿಂದ. "ಮದ್ದು ಸರಿಯಾಗಿ ತಗೋತಿದ್ದೀರಾ?" ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ, ವೈದ್ಯರ ಮುಂದೆ ಇಲ್ಲ ಎನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. "ತೋಟದ ಕೆಲಸದ ನಡುವೆ ಬಿಟ್ಟುಹೋಗುವುದು ಎಲ್ಲರಿಗೂ ಇದ್ದದ್ದೇ, ಈ ವಾರ ನಿಮಗೆ ಯಾವ ಯಾವ ದಿನ ಬಿಟ್ಟುಹೋಯಿತು?" ಎಂದು ಕೇಳಿದರೆ ಮಾತು ಬಿಚ್ಚಿಕೊಳ್ಳುತ್ತದೆ. ಜೊತೆಗೆ ಮದ್ದಿನ ಡಬ್ಬಿಯನ್ನು ತರಲೇಬೇಕೆಂದು ಹೇಳಿರುತ್ತೇನೆ. ಉಸಿರಿನೊಡನೆ ಎಳೆಯುವ ಪುಡಿ ತುಂಬಿದ 30 ಕ್ಯಾಪ್ಸೂಲು ದಿನಕ್ಕೆ ಎರಡರಂತೆ 15 ದಿನಕ್ಕೆ ಮುಗಿಯಬೇಕು; ಎರಡು ತಿಂಗಳ ನಂತರವೂ ಅದೇ ಡಬ್ಬಿ ಕೈಯಲ್ಲಿದ್ದರೆ ಬೈಯುವ ಅಗತ್ಯವಿಲ್ಲ, ಮುಂದಿನ ಪ್ರಶ್ನೆಗೆ ಹೋದರಾಯಿತು.

ಅನಂತರ ನನ್ನೆದುರಿಗೇ ಮದ್ದು ಎಳೆದು ತೋರಿಸಲು ಹೇಳುತ್ತೇನೆ. ಪ್ರತಿ ಭೇಟಿಯಲ್ಲೂ ಇದನ್ನು ತಪ್ಪಿಸುವುದಿಲ್ಲ. ಒಬ್ಬ ಹಿರಿಯ ಮಹಿಳೆ ಹೀಗೆ ತೋರಿಸಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕ್ಯಾಪ್ಸೂಲಿನ ಪುಡಿಯನ್ನು ಎಳೆಯುವ ಉಪಕರಣವಾದ ರೋಟಾಹೇಲರಿಗೆ ಕ್ಯಾಪ್ಸೂಲು ತುರುಕಿದರು, ತಿರುವಿದರು, ಅಲ್ಲಿಯವರೆಗೆ ಎಲ್ಲವೂ ಸರಿ. ಆಮೇಲೆ ಅದನ್ನು ಬಾಯಿಗಿಟ್ಟುಕೊಂಡು ಮೊದಲು ಅದರೊಳಕ್ಕೇ ಜೋರಾಗಿ ಉಸಿರು ಬಿಟ್ಟರು. ಬಾಯಿಯ ತೇವಕ್ಕೆ ಪುಡಿ ಒಳಗೋಡೆಗೆ ಹತ್ತಿಕೊಂಡಿತು. ಅವರು ಎಳೆದದ್ದು ಬರೀ ಗಾಳಿ. ಉಪಕರಣವನ್ನು ಬಿಚ್ಚಿ, ಹತ್ತಿಕೊಂಡ ಬಿಳಿ ಪುಡಿಯನ್ನು ಅವರ ಮೊಮ್ಮಗಳಿಗೂ ತೋರಿಸಿದೆ. ಮುಖ ಪಕ್ಕಕ್ಕೆ ತಿರುಗಿಸಿ ಉಸಿರನ್ನು ಪೂರ್ತಿ ಹೊರಗೆ ಬಿಡುವುದು, ತುಟಿ ಬಿಗಿಯಾಗಿ ಮುಚ್ಚಿ ಒಂದೇ ಸಲಕ್ಕೆ ವೇಗವಾಗಿ, ಆಳವಾಗಿ ಎಳೆಯುವುದು, ಹತ್ತು ಎಣಿಸುವವರೆಗೆ ಉಸಿರು ಕಟ್ಟುವುದು, ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯುವುದು: ಇಷ್ಟನ್ನು ಅಜ್ಜಿ ಮತ್ತು ಮೊಮ್ಮಗಳು ಇಬ್ಬರೂ ಕಲಿತು ಹೋದರು. ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರೂ ಇದ್ದಾರೆ; ಮಾತ್ರೆಯಂತೆ ಕಾಣುವುದನ್ನು ನುಂಗುವುದು ಸಹಜವೇ, ಆದ್ದರಿಂದ ಹೇಳಿಕೊಡದೆ ಬರೆದುಕೊಡುವುದೇ ತಪ್ಪೆಂದು ನನ್ನ ಅಭಿಪ್ರಾಯ. ಒತ್ತುವ ಪಂಪಿನ ರೀತಿ ಇದಕ್ಕೆ ತದ್ವಿರುದ್ಧ, ಅಲ್ಲಿ ನಿಧಾನವಾಗಿ ಎಳೆಯಬೇಕು. ಒತ್ತುವುದಕ್ಕೂ ಎಳೆಯುವುದಕ್ಕೂ ಹೊಂದಿಕೆಯಾಗದವರಿಗೆ ಸ್ಪೇಸರ್ (ಪಂಪಿನ ಮದ್ದನ್ನು ಹಿಡಿದಿಟ್ಟು ನಿಧಾನವಾಗಿ ಎಳೆಯಲು ಬಿಡುವ ಕೊಳವೆ) ಕೊಡಿಸದೆ ಕಳುಹಿಸುವುದಿಲ್ಲ. ಬೆರಳ ಸಂದು ನೋಯುವವರಿಗೆ, ಕಣ್ಣಿನ ಪೊರೆ ಬಂದವರಿಗೆ ಯಾವ ಉಪಕರಣ ಹಿಡಿಯಲು ಬರುತ್ತದೆ ಎಂದು ಕೈಯಲ್ಲಿ ಕೊಟ್ಟೇ ನೋಡಬೇಕು. ಮುಂದೆ ಅಂಗಡಿಯವರು ಬೇರೆ ಬಗೆಯ ಉಪಕರಣ ಕೊಟ್ಟರೆ ಒಪ್ಪದೆ ನನ್ನ ಬಳಿಗೆ ತರಬೇಕೆಂದೂ ತಿಳಿಸಿರುತ್ತೇನೆ.

ಇಲ್ಲಿನ ಮಳೆಗಾಲದ್ದು ಬೇರೆಯೇ ತೊಂದರೆ. ಡಬ್ಬಿಯಿಂದ ವಾರಕ್ಕಾಗುವಷ್ಟು ಕ್ಯಾಪ್ಸೂಲುಗಳನ್ನು ಹೊರಗೆ ತೆಗೆದಿಟ್ಟರೆ ಆಷಾಢದ ತೇವಕ್ಕೆ ಪುಡಿ ಗಂಟುಕಟ್ಟುತ್ತದೆ. ಬೇಕಾದಾಗ ಒಂದನ್ನು ಮಾತ್ರ, ಒಣಗಿದ ಕೈಯಿಂದ ತೆಗೆದು, ಮುಚ್ಚಳ ಬಿಗಿಯಾಗಿ ಹಾಕಬೇಕು.

ಎಲ್ಲ ತಿಳಿದಿದ್ದೂ ಮದ್ದು ಮುಟ್ಟದವರಲ್ಲಿ ಸಾಮಾನ್ಯವಾಗಿ ಭಯವಿರುತ್ತದೆ. "ಪಂಪು ಹಿಡಿದರೆ ಸಾಯೋವರೆಗೂ ಬಿಡೋಕಾಗಲ್ಲವಂತೆ", "ಅದು ಕೊನೇ ಹಂತದವರಿಗೆ" ಎಂಬ ಮಾತು ಊರೂರಲ್ಲಿದೆ. ಇಂಥವರಿಗೆ ನಾನು ಲೆಕ್ಕ ಬರೆದು ತೋರಿಸುತ್ತೇನೆ: ದಮ್ಮು ಇಳಿಸುವ ಸಾಲ್ಬುಟಮಾಲ್ ಎಂಬ ಮದ್ದಿನ ಪಂಪನ್ನು ಎರಡು ಸಲ ಒತ್ತಿದರೆ ಬರುವುದು 200 ಮೈಕ್ರೋಗ್ರಾಂ, ಅದೇ ಮದ್ದಿನ ಒಂದು ಮಾತ್ರೆಯಲ್ಲಿರುವುದು 4 ಮಿಲಿಗ್ರಾಂ, ಅಂದರೆ ಇಪ್ಪತ್ತು ಪಟ್ಟು. ಮಾತ್ರೆ ಮೈಯೆಲ್ಲ ಸುತ್ತಿ ಕೈನಡುಕ, ಎದೆಬಡಿತ ತರಬಹುದು. ಪಂಪಿನದು ನೇರವಾಗಿ ಬೇಕಾದ ಜಾಗಕ್ಕೆ ಹೋಗುತ್ತದೆ. ಜೀವನಪೂರ್ತಿ ಬೇಕಾಗುವುದಕ್ಕೆ ಕಾರಣ ಕಾಯಿಲೆ ಜೀವನಪೂರ್ತಿ ಇರುವುದೇ ಹೊರತು ಪಂಪು ಚಟ ಹಿಡಿಸುವುದಲ್ಲ ಎಂದು ಬಿಪಿ ಮಾತ್ರೆಯ ಉದಾಹರಣೆ ಕೊಟ್ಟರೆ ಬಹುಪಾಲು ಜನ ಒಪ್ಪುತ್ತಾರೆ. ಒಪ್ಪದವರನ್ನು, ಪಂಪು ಬಳಸುತ್ತಲೇ ಸಂತೆಗೆ ನಡೆದುಹೋಗುತ್ತಿರುವ ಅವರ ವಯಸ್ಸಿನವರೊಬ್ಬರ ಪಕ್ಕ, ಅವರ ಅನುಮತಿ ಪಡೆದು, ಕೂರಿಸುತ್ತೇನೆ. ನನ್ನ ಮಾತಿಗಿಂತ ಆ ಮಾತಿಗೆ ತೂಕ ಹೆಚ್ಚು.

ಸುಧಾರಿಸಿದ ಕೂಡಲೇ ಬಿಟ್ಟುಬಿಡುವುದು ಮದ್ದು ತಪ್ಪುವ ಇನ್ನೊಂದು ದಾರಿ. ದಮ್ಮು ಕಟ್ಟಿದಾಗ ತಕ್ಷಣ ಆರಾಮ ಕೊಡುವ ಮದ್ದನ್ನು ಯಾರೂ ಮರೆಯುವುದಿಲ್ಲ. ಬೆಳಿಗ್ಗೆ ಸಂಜೆ ತಪ್ಪದೆ ಬೇಕಾದದ್ದು ಮಾತ್ರ, ಅದರ ಗುಣ ಕೂಡಲೇ ಗೊತ್ತಾಗದ ಕಾರಣ, ಮೊದಲು ನಿಲ್ಲುತ್ತದೆ. ಎರಡೂ ಉಪಕರಣಗಳಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿಕೊಡುತ್ತೇನೆ. ಓದು ಬಾರದವರಿಗೆ ಇದರಿಂದ ಬಹಳ ಅನುಕೂಲವಾಗಿದೆ. ದಿನದ ಮದ್ದನ್ನು ಹಲ್ಲುಜ್ಜುವ ಹೊತ್ತಿಗೆ ಜೋಡಿಸಿದರೆ ಮರೆಯುವುದೂ ಇಲ್ಲ, ಸ್ಟೀರಾಯ್ಡ್ ಇರುವ ಮದ್ದಾದರೆ ಬಾಯಿ ಮುಕ್ಕಳಿಸಿದಂತೆಯೂ ಆಗುತ್ತದೆ. ಮುಕ್ಕಳಿಸದಿದ್ದರೆ ಬಾಯಿಯಲ್ಲಿ ಅಗ್ರ (ಬಿಳಿ ಬೂಷ್ಟಿನ ಸೋಂಕು) ಬಂದು ಉರಿಯಾಗಿ, ಅದೇ ನೆಪಕ್ಕೆ ಮದ್ದು ನಿಲ್ಲುತ್ತದೆ. ಆದರೆ ಡಬ್ಬಿಯನ್ನು ಬಚ್ಚಲಲ್ಲಿ ಇಡಕೂಡದು.

ಬಚ್ಚಲೆಂದಾಗ ಹೇಳಲೇಬೇಕಾದ ಸಂಗತಿಯೊಂದಿದೆ. ಅಡುಗೆಗೆ ಗ್ಯಾಸ್ ಬಂದಿದೆ ಎನ್ನುವ ಮನೆಗಳಲ್ಲೂ ಸ್ನಾನದ ನೀರು ಕಾಯುವುದು ಹಂಡೆಯ ಒಲೆಯಲ್ಲೇ, ಉರಿ ಹಚ್ಚುವವರು ಹೆಚ್ಚಾಗಿ ಮನೆಯ ಹಿರಿಯ ಹೆಂಗಸು. "ಒಲೆ ಇದೆಯಾ?" ಎಂದರೆ ಇಲ್ಲ ಎನ್ನುತ್ತಾರೆ, "ಬಚ್ಚಲ ಒಲೆಗೆ ಉರಿ ಹಾಕೋರು ಯಾರು?" ಎಂದರೆ ನಿಜ ಗೊತ್ತಾಗುತ್ತದೆ. ಆ ಕೆಲಸವನ್ನು ಬೇರೆಯವರು ವಹಿಸಿಕೊಳ್ಳುವಂತೆ ಮಗ ಸೊಸೆಯರ ಜೊತೆ ಮಾತಾಡಿ ಒಪ್ಪಿಸುವುದು ಮದ್ದು ಬರೆಯುವಷ್ಟೇ ಮುಖ್ಯ. ಬೀಡಿಯ ವಿಷಯದಲ್ಲಿ ಪ್ರತಿ ಸಲವೂ ಕೇಳುತ್ತೇನೆ, ನಿಕೋಟಿನ್ ಗಮ್ ಬೇಕಾದವರಿಗೆ ಬರೆದುಕೊಡುತ್ತೇನೆ, ಬಿಡಲಾಗದವರಿಗೂ ಮದ್ದು ನಿಲ್ಲಿಸುವುದಿಲ್ಲ.

ಖರ್ಚಿನ ಮಾತನ್ನು ರೋಗಿ ತಾನಾಗಿ ಎತ್ತುವುದು ಅಪರೂಪ, ನಾನೇ ಎತ್ತುತ್ತೇನೆ. ಜನೌಷಧಿ ಅಂಗಡಿಯಲ್ಲಿ ಸಿಗುವುದನ್ನು ಮೊದಲು ನೋಡಿ, ಒಂದೇ ಕ್ಯಾಪ್ಸೂಲಿನಲ್ಲಿ ಮುಗಿಯುವ ಕಡೆ ಎರಡು ಬರೆಯದಿರುವುದರಿಂದ ಅರ್ಧ ಸಮಸ್ಯೆ ಪರಿಹಾರವಾಗುತ್ತದೆ. ಮನೆಯಲ್ಲಿ ಆಮ್ಲಜನಕ ಬೇಕಾದವರಿಗೆ ದಿನಕ್ಕೆ ಕನಿಷ್ಠ 15 ಗಂಟೆ ಹಾಕಿಕೊಂಡರೆ ಮಾತ್ರ ಆಯುಷ್ಯಕ್ಕೆ ಪ್ರಯೋಜನವೆಂದು ಬಿಡಿಸಿ ಹೇಳಬೇಕು, ಇಲ್ಲವಾದರೆ ಸುಸ್ತಾದಾಗ ಅರ್ಧ ಗಂಟೆ ಹಾಕಿಕೊಂಡು ಬಿಡುತ್ತಾರೆ. ನಿದ್ದೆಯ ಹೊತ್ತನ್ನು ಸೇರಿಸಿದರೆ 15 ಗಂಟೆ ಕಷ್ಟವಲ್ಲ. ಆಮ್ಲಜನಕದ ಯಂತ್ರ ನಡೆಯುವುದು ಕರೆಂಟಿನಿಂದ; ಕರೆಂಟು ಹೋಗುವ ಊರಾದ್ದರಿಂದ ಜೊತೆಗೊಂದು ಸಿಲಿಂಡರ್ ಇರಬೇಕು.

ನಡಿಗೆ ಮತ್ತು ಉಸಿರಾಟದ ಅಭ್ಯಾಸವನ್ನೂ ಚಿಕಿತ್ಸೆಯ ಚೀಟಿಯಲ್ಲೇ ಬರೆಯುತ್ತೇನೆ. ಮೂಗಿನಿಂದ ಎಳೆದು, ಊದುಗೊಳವೆಗೆ ಊದುವಂತೆ ತುಟಿ ಕಿರಿದು ಮಾಡಿ ನಿಧಾನವಾಗಿ ಬಿಡಿ ಎಂದರೆ ಇಲ್ಲಿನ ಹೆಂಗಸರಿಗೆ ಎರಡನೆಯ ಸಲ ಹೇಳಬೇಕಾಗಿಲ್ಲ.

ನವೆಂಬರ್ ಬಂದರೆ ಅಡಿಕೆ ಕೊಯ್ಲು, ಬೇಯಿಸುವ ಹಂಡೆಯ ಹೊಗೆ, ಬೆಳಗಿನ ಚಳಿ ಮೂರೂ ಒಟ್ಟಿಗೆ ಬರುತ್ತವೆ, ಕೆಲಸದ ಗಡಿಬಿಡಿಯಲ್ಲಿ ಮದ್ದು ತಪ್ಪುವುದೂ ಆಗಲೇ. ಆದ್ದರಿಂದ ಅಕ್ಟೋಬರಿನಲ್ಲೇ ನಮ್ಮ ನರ್ಸ್ ಪಟ್ಟಿ ಹಿಡಿದು ಎಲ್ಲರಿಗೂ ಫೋನ್ ಮಾಡುತ್ತಾರೆ. ಆ ಭೇಟಿಯಲ್ಲಿ ಫ್ಲೂ ಲಸಿಕೆ ಹಾಕಿ, ಮದ್ದು ಎಳೆಯುವ ಕ್ರಮವನ್ನು ಮತ್ತೊಮ್ಮೆ ನೋಡಿ, ಕಫದ ಬಣ್ಣ ತಿರುಗಿದರೆ ಅಥವಾ ದಮ್ಮು ಹೆಚ್ಚಾದರೆ ಕಾಯದೆ ಬರಬೇಕೆಂದು ಹೇಳಿ, ಕೊಯ್ಲು ಮುಗಿಯುವವರೆಗೆ ಸಾಕಾಗುವಷ್ಟು ಮದ್ದು ಕೊಟ್ಟು ಕಳುಹಿಸುತ್ತೇವೆ.