ಎಡಿಟಿಂಗ್ ಕೋಣೆಗೆ ಇಂಟರ್ನ್ ಆಗಿ ಹೋಗುವ ಮುನ್ನ, ಹೋಗಿ ಬಂದ ಮೇಲೆ

ನಾನು ವಿಡಿಯೊ ಎಡಿಟರ್. ಈ ಕೆಲಸಕ್ಕೆ ಕಾಲಿಟ್ಟದ್ದು ಎರಡು ತಿಂಗಳ ಇಂಟರ್ನ್‌ಶಿಪ್ ಮೂಲಕ. ಈಗ ನನ್ನ ಪಕ್ಕದ ಕುರ್ಚಿಯಲ್ಲೇ ವರ್ಷಕ್ಕೆ ಇಬ್ಬರೋ ಮೂವರೋ ಇಂಟರ್ನ್‌ಗಳು ಬಂದು ಕೂರುತ್ತಾರೆ. ಅವರಲ್ಲಿ ಕೆಲವರು ನಿಜಕ್ಕೂ ಕೆಲಸ ಕಲಿತು ಹೋಗುತ್ತಾರೆ, ಕೆಲವರು ದಿನ ಎಣಿಸಿ ಹೋಗುತ್ತಾರೆ. ಬರುವ ಮುಂಚೆ ಏನು ನೋಡಿಕೊಂಡು ಬಂದರು, ಸಂಜೆ ಕೂತು ಏನು ಬರೆದುಕೊಂಡರು ಎಂಬುದರಲ್ಲೇ ಹೆಚ್ಚಿನ ವ್ಯತ್ಯಾಸ ಇರುತ್ತದೆ. ನನ್ನ ಉದಾಹರಣೆಗಳು ಎಡಿಟಿಂಗ್‌ನವು. ಡಿಸೈನ್, ಅನಿಮೇಷನ್, ರೇಡಿಯೊ ಕಡೆಗೆ ಹೊರಟವರಿಗೂ ದಾರಿ ಹೆಚ್ಚುಕಡಿಮೆ ಇದೇ.

ಮೊದಲು ಅರ್ಜಿ. 'ನಿಮ್ಮಲ್ಲಿ ಕಲಿಯಲು ಬಹಳ ಆಸಕ್ತಿ ಇದೆ' ಎನ್ನುವ ಮೇಲ್ ಯಾರಿಗೆ ಬೇಕಾದರೂ ಕಳಿಸಬಹುದು, ಹಾಗಾಗಿ ಅದು ಯಾರಿಗೂ ತಟ್ಟುವುದಿಲ್ಲ. ಒಬ್ಬ ಹುಡುಗಿ ನಮ್ಮದೊಂದು ಚಿಕ್ಕ ವಿಡಿಯೊ ನೋಡಿ, 'ರೈಲಿನ ಸದ್ದು ರೈಲು ಕಾಣಿಸುವ ಮೊದಲೇ ಕೇಳುತ್ತದೆ. ಹಾಗೆ ಯಾಕೆ ಮಾಡಿದಿರಿ?' ಎಂದು ಬರೆದಿದ್ದಳು. ಅದಕ್ಕೆ ಜೆ-ಕಟ್ ಎಂಬ ಹೆಸರಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳ ಕಿವಿ ಮಾತ್ರ ಅದನ್ನು ಹಿಡಿದಿತ್ತು. ಅವತ್ತೇ ಬರಹೇಳಿದೆವು.

ಹಾಗೆ ನೋಡುವುದನ್ನು ಅಭ್ಯಾಸ ಮಾಡಬಹುದು. ನೀವು ಹೋಗಲಿರುವ ಜಾಗದವರು ಮಾಡಿದ ಎರಡು ನಿಮಿಷದ ಒಂದು ಕೆಲಸ ಆರಿಸಿಕೊಳ್ಳಿ. ಒಮ್ಮೆ ಸದ್ದು ತೆಗೆದು ನೋಡಿ. ಒಮ್ಮೆ ಕಣ್ಣು ಮುಚ್ಚಿ ಕೇಳಿ. ಮೂರನೇ ಸಲ ಕೈಯಲ್ಲಿ ಪೆನ್ನು ಹಿಡಿದು ಕಟ್ ಬಂದಾಗಲೆಲ್ಲ, ಅಂದರೆ ಒಂದು ಶಾಟ್ ಮುಗಿದು ಇನ್ನೊಂದಕ್ಕೆ ಹೋದಾಗಲೆಲ್ಲ, ಒಂದು ಗೆರೆ ಎಳೆಯಿರಿ. 40 ಶಾಟ್ ಇದ್ದರೆ ಸರಾಸರಿ ಒಂದೊಂದೂ ಮೂರು ಸೆಕೆಂಡು. ಹಾಗಾದರೆ ಹತ್ತು ಸೆಕೆಂಡು ಅಲುಗದೆ ನಿಂತ ಶಾಟ್ ಯಾವುದು? ಅಲ್ಲಿ ಯಾಕೆ ನಿಂತರು? ಮೊದಲ ದಿನ ಕೇಳಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಗೊತ್ತಿಲ್ಲ.

ಸಾಫ್ಟ್‌ವೇರ್ ಪೂರ್ತಿ ಕಲಿತು ಹೋಗಬೇಕೆಂಬ ಭಯ ಬೇಡ. ಟೈಮ್‌ಕೋಡ್, ಅಂದರೆ ವಿಡಿಯೊದ ಪ್ರತಿ ಕ್ಷಣಕ್ಕೂ ಇರುವ ಗುರುತಿನ ಅಂಕಿ, ಓದಲು ಬಂದರೆ ಸಾಕು: ಗಂಟೆ, ನಿಮಿಷ, ಸೆಕೆಂಡು, ಕೊನೆಗೆ ಫ್ರೇಮ್ (ವಿಡಿಯೊದ ಒಂದೊಂದು ಬಿಡಿ ಚಿತ್ರ). ಸೆಕೆಂಡಿಗೆ 24, 25, 30 ಫ್ರೇಮ್‌ಗಳ ಫೂಟೇಜ್ ಬೇರೆ ಬೇರೆ ಎಂದೂ, ಒಂದನ್ನು ಇನ್ನೊಂದರ ಟೈಮ್‌ಲೈನಿಗೆ (ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸುವ ಜಾಗ) ನೋಡದೆ ಹಾಕಿದರೆ ಚಲನೆ ತಡವರಿಸಬಹುದೆಂದೂ ತಿಳಿದಿರಲಿ. ಜೆ ಹಿಂದಕ್ಕೆ, ಕೆ ನಿಲ್ಲಿಸಲು, ಎಲ್ ಮುಂದಕ್ಕೆ. ಈ ಮೂರು ಕೀ ಬಹುತೇಕ ಎಲ್ಲ ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲೂ ಹೀಗೇ ಇರುತ್ತವೆ.

ಸೇರುವ ಮುಂಚೆ ಕೆಲವು ಪ್ರಶ್ನೆ ಮೇಲ್‌ನಲ್ಲೇ ಕೇಳಿಬಿಡಿ. ನನ್ನ ಕೆಲಸ ನೋಡಿಕೊಳ್ಳುವವರು ಯಾರು? ಎಷ್ಟು ಹೊತ್ತಿನ ಕೆಲಸ? ಸ್ಟೈಪೆಂಡ್, ಓಡಾಟದ ಖರ್ಚು ಕೊಡುತ್ತೀರಾ? ನಾನು ದುಡಿದದ್ದು ಹೊರಬಂದರೆ ನನ್ನ ಹೆಸರು ಇರುತ್ತದೆಯೇ? ಬಿಡುಗಡೆಯಾದ ಮೇಲೆ ಅದನ್ನು ನನ್ನ ಶೋರೀಲ್‌ನಲ್ಲಿ (ನನ್ನ ಕೆಲಸದ ತುಣುಕುಗಳನ್ನು ಸೇರಿಸಿ ತೋರಿಸುವ ವಿಡಿಯೊ) ಹಾಕಿಕೊಳ್ಳಬಹುದೇ? ಸಂಕೋಚ ಆಗುತ್ತದೆ, ನನಗೂ ಆಗಿತ್ತು. ಆದರೆ ಹೆಸರಿನ ವಿಷಯವನ್ನು ಕೊನೆಯ ದಿನ ಎತ್ತುವುದು ಇನ್ನೂ ಕಷ್ಟ. ನಿಮ್ಮ ಕಡೆಯಿಂದ ಒಂದು ಶಿಸ್ತು: ಬಿಡುಗಡೆಯಾಗದ ಕೆಲಸ ಸ್ಕ್ರೀನ್ ಮೇಲಿರುವಾಗ ಫೋನ್ ಜೇಬಿನಲ್ಲೇ ಇರಲಿ.

ಈಗ ನನ್ನದೇ ಕಥೆ. ನಾಲ್ಕನೇ ದಿನ ಬೆಳಗಿನಿಂದ ನನಗೆ ಯಾರೂ ಕೆಲಸ ಕೊಟ್ಟಿರಲಿಲ್ಲ. ಡ್ರೈವ್‌ನಲ್ಲಿ ಕ್ಯಾಮೆರಾ ಇಟ್ಟ ಬರೀ ನಂಬರಿನ ಹೆಸರುಗಳ ಕ್ಲಿಪ್‌ಗಳಿದ್ದವು. ಓರಣವಾಗಿರಲಿ ಎಂದು 'ಬಾಗಿಲು', 'ಅಜ್ಜಿ ನಗು' ಎಂದೆಲ್ಲ ಹೆಸರು ಬದಲಿಸಿದೆ. ಮಧ್ಯಾಹ್ನ ಎಡಿಟರ್ ಪ್ರಾಜೆಕ್ಟ್ ತೆರೆದರೆ ಟೈಮ್‌ಲೈನ್ ತುಂಬ ಕೆಂಪು, 'ಮೀಡಿಯಾ ಆಫ್‌ಲೈನ್'. ಪ್ರಾಜೆಕ್ಟ್ ಫೈಲಿನೊಳಗೆ ಚಿತ್ರ ಇರುವುದಿಲ್ಲ. ಯಾವ ಕ್ಲಿಪ್ ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ. ನಾನು ವಿಳಾಸಗಳನ್ನೆಲ್ಲ ಅಳಿಸಿದ್ದೆ, ಹಳೆಯ ಹೆಸರು ಬರೆದಿಟ್ಟೂ ಇರಲಿಲ್ಲ. ಟೈಮ್‌ಕೋಡ್ ತಾಳೆ ನೋಡುತ್ತ ಒಂದೊಂದೇ ಕ್ಲಿಪ್ ಮತ್ತೆ ಜೋಡಿಸುವಷ್ಟರಲ್ಲಿ ರಾತ್ರಿಯಾಗಿತ್ತು. ಅವರು ಒಂದು ಮಾತೂ ಬೈಯಲಿಲ್ಲ. ಅದರಿಂದಲೇ ನನಗೆ ಹೆಚ್ಚು ನೋವಾಯಿತು.

ಅಂದು ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದೆ: 'ದೊಡ್ಡ ತಪ್ಪಾಯಿತು. ಇನ್ನು ಮೇಲೆ ಹುಷಾರಾಗಿರಬೇಕು.' ವಾರದ ನಂತರ ಓದಿದಾಗ ಆ ಸಾಲಿನಿಂದ ನನಗೆ ಏನೂ ಸಿಗಲಿಲ್ಲ. ಯಾವುದರಲ್ಲಿ ಹುಷಾರು, ಹೇಗೆ ಹುಷಾರು ಎಂದು ಅದರಲ್ಲಿ ಇಲ್ಲವೇ ಇಲ್ಲ.

ಅನುಭವವನ್ನು ಹಿಂತಿರುಗಿ ನೋಡಿ ಕಲಿಯಲು ಶಿಕ್ಷಣತಜ್ಞ ಗ್ರಹಾಂ ಗಿಬ್ಸ್ 1988ರಲ್ಲಿ ಕೊಟ್ಟ ಆರು ಹಂತಗಳ ಕ್ರಮವೊಂದಿದೆ: ಏನಾಯಿತು, ಏನನ್ನಿಸಿತು, ಯಾವುದು ಚೆನ್ನಾಗಿತ್ತು ಯಾವುದು ಕೆಟ್ಟಿತು, ಯಾಕೆ ಹಾಗಾಯಿತು, ಬೇರೆ ಏನು ಮಾಡಬಹುದಿತ್ತು, ಮುಂದಿನ ಸಲ ಏನು ಮಾಡುತ್ತೇನೆ. ಅದರ ಪ್ರಕಾರ ಮತ್ತೆ ಬರೆಯಲು ಕೂತೆ. ಎರಡನೇ ಪ್ರಶ್ನೆಗೇ ಪೆನ್ನು ನಿಂತಿತು. ಏನನ್ನಿಸಿತ್ತು? ಕೈಯಲ್ಲಿ ಕೆಲಸ ಇಲ್ಲದೆ ಕೂತಿರುವುದು ಅವಮಾನ ಅನ್ನಿಸಿತ್ತು. ಉಪಯೋಗಕ್ಕೆ ಬರುವವನೆಂದು ತೋರಿಸಿಕೊಳ್ಳಬೇಕಿತ್ತು. ತಪ್ಪಿನ ಬೇರು ಅಲ್ಲಿತ್ತು, ಫೈಲ್ ಹೆಸರಿನಲ್ಲಲ್ಲ. ಆಗ ಕೊನೆಯ ಸಾಲು ತಾನಾಗಿ ಬಂತು: 'ಖಾಲಿ ಕೂತಾಗ ಎದ್ದು ಹೋಗಿ ಕೆಲಸ ಕೇಳುತ್ತೇನೆ. ಎಲ್ಲರೂ ಬಳಸುವ ಡ್ರೈವ್‌ನಲ್ಲಿ ಕೇಳದೆ ಏನನ್ನೂ ಮುಟ್ಟುವುದಿಲ್ಲ. ಪ್ರಯೋಗವೆಲ್ಲ ಕಾಪಿಯ ಮೇಲೆ.' ಇದು ಮರುದಿನವೇ ಬಳಸಬಹುದಾದ ಸಾಲು.

ಪ್ರತಿದಿನ ಆರು ಹಂತ ಬರೆಯಲು ಪುರುಸೊತ್ತು ಸಿಗುವುದಿಲ್ಲ. ದಿನಕ್ಕೆ ಮೂರು ಸಾಲು ಸಾಕು: ನನಗೆ ಕೊಟ್ಟದ್ದು ಏನು, ನಾನು ಮಾಡಿದ್ದು ಏನು, ಅವರು ಬದಲಿಸಿದ್ದು ಏನು. ಮೂರನೆಯದೇ ಚಿನ್ನ. ಆ ರೈಲಿನ ಹುಡುಗಿ ಒಂದು ಸಂದರ್ಶನದ ಮೌನಗಳನ್ನೆಲ್ಲ ಕತ್ತರಿಸಿ ಬಿಗಿ ಮಾಡಿದ್ದಳು. ನಾನು ಒಂದು ಮೌನವನ್ನು ವಾಪಸ್ ಹಾಕಿದೆ, ಸುಮಾರು ಎರಡು ಸೆಕೆಂಡಿನದು. ಅವಳು ಬರೆದುಕೊಂಡದ್ದು: 'ಉತ್ತರ ಹೇಳುವ ಮುಂಚೆ ಆತ ಉಸಿರೆಳೆದುಕೊಂಡ. ಹೇಳಲು ಕಷ್ಟ ಎಂದು ನಮಗೆ ತಿಳಿಯುವುದೇ ಆ ಉಸಿರಿನಿಂದ. ನಾನು ಅದನ್ನು ಖಾಲಿ ಜಾಗ ಎಂದುಕೊಂಡೆ.' ಮರುದಿನ ಇನ್ನೊಂದು ಸಾಲು ಸೇರಿಸಿದಳು. ಮೌನ ಕತ್ತರಿಸಿದ ಕಡೆಯೆಲ್ಲ ಹಿನ್ನೆಲೆಯ ಗುಂಯ್ ಸದ್ದು ಎಗರುತ್ತಿತ್ತಂತೆ. ಅದಕ್ಕೇ ಚಿತ್ರೀಕರಣದ ಜಾಗದಲ್ಲಿ ಯಾರೂ ಮಾತಾಡದೆ ಅರ್ಧ ನಿಮಿಷ ರೂಮ್ ಟೋನ್, ಅಂದರೆ ಆ ಜಾಗದ ಬರೀ ಹಿನ್ನೆಲೆ ಸದ್ದು, ರೆಕಾರ್ಡ್ ಮಾಡಿಕೊಳ್ಳುತ್ತಾರೆ ಎಂದು ಈಗ ಅರ್ಥವಾಯಿತು ಎಂದು.

ಕೊನೆಯ ವಾರ ನಿಮ್ಮ ಹಿರಿಯರಿಂದ ಅರ್ಧ ಗಂಟೆ ಕೇಳಿ ಪಡೆಯಿರಿ. 'ನಾನು ಹೇಗೆ ಮಾಡಿದೆ?' ಎಂದರೆ 'ಚೆನ್ನಾಗಿ ಮಾಡಿದಿರಿ' ಎಂದಷ್ಟೇ ಉತ್ತರ ಬರುತ್ತದೆ. 'ನಾನು ಮಾಡಿದ್ದರಲ್ಲಿ ಯಾವುದನ್ನು ನಾಳೆ ನನ್ನೊಬ್ಬರ ಕೈಗೇ ಬಿಡುತ್ತೀರಿ? ಯಾವುದನ್ನು ಇನ್ನೂ ಬಿಡುವುದಿಲ್ಲ?' ಎಂದು ಕೇಳಿ. ನೋಟ್‌ಬುಕ್ ತೆರೆದಿಟ್ಟುಕೊಂಡೇ ಕೂರಿ.

ರೆಸ್ಯೂಮೆಯಲ್ಲಿ ನಿಮ್ಮ ಪಾಲನ್ನು ಇದ್ದಷ್ಟೇ ಬರೆಯಿರಿ. 'ಸಾಕ್ಷ್ಯಚಿತ್ರ ಎಡಿಟ್ ಮಾಡಿದ್ದೇನೆ' ಎಂದವರನ್ನು ನಾಲ್ಕು ಪ್ರಶ್ನೆ ಕೇಳಿದರೆ ವಿಷಯ ಗೊತ್ತಾಗಿಬಿಡುತ್ತದೆ. 'ಆರು ಸಂದರ್ಶನಗಳ ಚಿತ್ರ, ಧ್ವನಿ ಸಿಂಕ್ ಮಾಡಿದೆ, ಒಂದರ ಮೊದಲ ಕಟ್ (ಕರಡು ಜೋಡಣೆ) ಹಾಕಿದೆ' ಎಂದವರನ್ನು ನಾನು ಕರೆಸಿ ಮಾತಾಡಿಸುತ್ತೇನೆ.