ಬಿಚ್ಚದೆ ತೊಳೆದ ಕ್ಲಚ್: ಸೀಕೋ 6139 ಕ್ರೋನೋಗ್ರಾಫ್ ರಿಪೇರಿಯಲ್ಲಿ ನನ್ನ ಅನುಭವ

ಸೀಕೋ 6139 ವಾಚು ರಿಪೇರಿಗೆಂದು ಕೈಗೆ ಬಂದ ರಿಪೇರಿಗಾರರಿಗೆಲ್ಲ ಈ ಲಕ್ಷಣ ಗೊತ್ತಿರುತ್ತದೆ. ಕ್ರೋನೋಗ್ರಾಫ್, ಅಂದರೆ ವಾಚಿನೊಳಗಿನ ಸ್ಟಾಪ್‌ವಾಚ್, ಓಡುತ್ತಿರುವಷ್ಟು ಹೊತ್ತು ವಾಚು ಚೆನ್ನಾಗಿಯೇ ನಡೆಯುತ್ತದೆ. ಮೇಲಿನ ಗುಂಡಿ ಒತ್ತಿ ಅದನ್ನು ನಿಲ್ಲಿಸಿದ ಕೂಡಲೇ ಆಂಪ್ಲಿಟ್ಯೂಡ್ (ಬ್ಯಾಲೆನ್ಸ್ ಚಕ್ರ ತೂಗುವ ಕೋನ) ಕುಸಿಯುತ್ತದೆ, ರಾತ್ರಿ ಮೇಜಿನ ಮೇಲಿಟ್ಟರೆ ಬೆಳಗಾಗುವಷ್ಟರಲ್ಲಿ ವಾಚು ನಿಂತಿರುತ್ತದೆ. ಹಾಗಾಗಿ ಈ ವಾಚಿನ ಮಾಲೀಕರಲ್ಲಿ ಹಲವರು ಕೆಂಪು ಸೆಕೆಂಡಿನ ಮುಳ್ಳನ್ನು ಹಗಲೂ ರಾತ್ರಿ ಓಡಿಸಿಕೊಂಡೇ ಇರುತ್ತಾರೆ. ಇದಕ್ಕೆ ಕಾರಣ ನಡುಮಧ್ಯದಲ್ಲಿ ಕೂತು, ಕ್ರೋನೋಗ್ರಾಫಿನ ಮುಳ್ಳನ್ನು ವಾಚಿನ ಚಕ್ರಕ್ಕೆ ಜೋಡಿಸಿ ಬಿಡಿಸುವ ಲಂಬ ಕ್ಲಚ್ ಎಂಬುದರಲ್ಲಿ ನಮ್ಮ ರಿಪೇರಿಗಾರರಿಗೆ ಭಿನ್ನಾಭಿಪ್ರಾಯವಿಲ್ಲ. ಅದಕ್ಕೆ ಏನು ಮಾಡಬೇಕು ಎಂಬಲ್ಲಿ ಮಾತ್ರ ಜಗಳ. ಕ್ಲಚ್ ಕೆಟ್ಟರೆ ಬೇರೆ ಹಾಕಬೇಕು, ಅದರೊಳಗೆ ಕೈ ಹಾಕಬಾರದು ಎಂದು ನನಗೆ ಕೆಲಸ ಕಲಿಸಿದ ಹಿರಿಯರು ಹೇಳಿದ್ದರು. ಅವರ ಮಾತನ್ನು ಮೀರಿ ನಾನು ಸುಮಾರು ಒಂದೂವರೆ ವರ್ಷ ಪಟ್ಟ ಪಾಡು ಮತ್ತು ಕೊನೆಗೆ ಕೈಗೆ ಹತ್ತಿದ ವಿಧಾನವನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಂಗಳೂರು, ಉಡುಪಿ, ಭಟ್ಕಳದ ಕಡೆ ಅಂಗಡಿ ಇಟ್ಟವರಿಗೆ ಈ ವಾಚು ಅಪರೂಪವಲ್ಲ. ಎಪ್ಪತ್ತರ ದಶಕದಲ್ಲಿ ಗಲ್ಫಿಗೆ ದುಡಿಯಲು ಹೋದವರು ಮೊದಲ ರಜೆಯಲ್ಲಿ ಊರಿಗೆ ಬರುವಾಗ ಕೈಯಲ್ಲೊಂದು ಸೀಕೋ ಕಟ್ಟಿಕೊಂಡೇ ಬರುತ್ತಿದ್ದರು. ಅವರ ಮಕ್ಕಳು ಈಗ ಅದನ್ನು ಕಪಾಟಿನಿಂದ ಹೊರತೆಗೆದು ನಮ್ಮ ಬಳಿ ತರುತ್ತಿದ್ದಾರೆ. ನನ್ನ ಬಳಿ ಬಂದ ಮೊದಲನೆಯದು ಕುಂದಾಪುರದ ಒಬ್ಬರು ತಂದ ಹಳದಿ ಡಯಲಿನ 6139-6002. ಸ್ಟೀಲ್ ಕೇಸು, ನೀಲಿ ಕೆಂಪು ಬಣ್ಣದ ಹೊರವರ್ತುಲ, ಆರು ಗಂಟೆಯ ಜಾಗದಲ್ಲಿ ಮೂವತ್ತು ನಿಮಿಷದ ಪುಟ್ಟ ಡಯಲು. ಹಿಂಬದಿ ಮುಚ್ಚಳದ ಸೀರಿಯಲ್ ಸಂಖ್ಯೆಯ ಮೊದಲ ಅಂಕಿ 5, ಎರಡನೆಯದು 4. ಅಂದರೆ ಅದು 1975ರ ಏಪ್ರಿಲ್ ತಿಂಗಳಲ್ಲಿ ತಯಾರಾದದ್ದು. "ಅಪ್ಪ ಬಹರೈನಿನಲ್ಲಿ ಮೂರು ತಿಂಗಳ ಸಂಬಳ ಉಳಿಸಿ ತಗೊಂಡದ್ದಂತೆ, ಹೇಗಾದರೂ ಸರಿ ಮಾಡಿಕೊಡಿ" ಎಂದು ಅವರು ಹೇಳಿದ ಮೇಲೆ ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ.

ಈ ವಾಚಿನ ಬೆಲೆ ಏನೆಂದು ತಿಳಿಯದವರು ನಮ್ಮಲ್ಲೂ ಇದ್ದಾರೆ. 1969ರಲ್ಲಿ ಸ್ವಿಟ್ಜರ್ಲೆಂಡಿನ ಜೆನಿತ್ ಒಂದು ಕಡೆ, ಹೋಯರ್ ಮತ್ತು ಬ್ರೈಟ್ಲಿಂಗ್ ಸೇರಿದ ಕೂಟ ಇನ್ನೊಂದು ಕಡೆ ಆಟೋಮ್ಯಾಟಿಕ್ ಕ್ರೋನೋಗ್ರಾಫಿಗಾಗಿ ಪೈಪೋಟಿ ನಡೆಸುತ್ತಿದ್ದಾಗ, ಸೀಕೋ ಹೆಚ್ಚು ಸದ್ದು ಮಾಡದೆ ಅದೇ ವರ್ಷ ಈ 6139 ಅನ್ನು ಜಪಾನಿನ ಅಂಗಡಿಗಳಿಗೆ ತಂದಿತು. ಗುಂಡಿಯ ಒತ್ತಿಗೆ ಕ್ರೋನೋಗ್ರಾಫನ್ನು ನಿಯಂತ್ರಿಸುವ ಕಾಲಮ್ ವೀಲ್ ಮತ್ತು ಲಂಬ ಕ್ಲಚ್ ಎರಡನ್ನೂ ಆಟೋಮ್ಯಾಟಿಕ್ ಕ್ರೋನೋಗ್ರಾಫಿನಲ್ಲಿ ಮೊದಲು ಒಟ್ಟಿಗೆ ತಂದದ್ದು ಇದೇ. ಅಮೆರಿಕದ ಗಗನಯಾತ್ರಿ ವಿಲಿಯಂ ಪೋಗ್ 1973ರ ನವೆಂಬರಿನಿಂದ 1974ರ ಫೆಬ್ರುವರಿಯವರೆಗೆ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣದಲ್ಲಿ 84 ದಿನ ಇದ್ದಾಗ ಕೈಯಲ್ಲಿ ಕಟ್ಟಿದ್ದದ್ದೂ ಹಳದಿ ಡಯಲಿನ 6139ನ್ನೇ. ಹಾಗಾಗಿಯೇ ಸಂಗ್ರಾಹಕರು ಈ ಮಾದರಿಯನ್ನು ಪೋಗ್ ಎಂದು ಕರೆಯುತ್ತಾರೆ. ಇಂಥ ಯಂತ್ರವನ್ನು ಕ್ಲಚ್ ಒಣಗಿತೆಂಬ ಒಂದೇ ಕಾರಣಕ್ಕೆ ಬಿಡಿಭಾಗದ ಡಬ್ಬಿಗೆ ಹಾಕುವುದು ನನಗೆ ಸರಿ ಕಾಣಲಿಲ್ಲ.

ಕುಂದಾಪುರದ ವಾಚನ್ನು ಪೂರ್ತಿ ಬಿಚ್ಚಿ, ತೊಳೆದು, ಮುಖ್ಯ ಸ್ಪ್ರಿಂಗ್ ಇರುವ ಬ್ಯಾರೆಲ್ಲಿನ ಗೋಡೆಗೆ ಹೊಸ ಗ್ರೀಸ್ ಸವರಿ, ಹೊಸ ಸ್ಪ್ರಿಂಗ್ ಹಾಕಿ ವಾಚಿನ ನಡಿಗೆ ಅಳೆಯುವ ಟೈಮ್‌ಗ್ರಾಫರ್ ಮೇಲೆ ಇಟ್ಟೆ. ಡಯಲ್ ಮೇಲ್ಮುಖವಾಗಿ, ಕ್ರೋನೋಗ್ರಾಫ್ ಓಡುವಾಗ 220 ಡಿಗ್ರಿಯ ಆಸುಪಾಸು ತೋರಿಸಿತು. ನಿಲ್ಲಿಸಿದಾಗ 150ಕ್ಕೆ ಇಳಿಯಿತು. ಸರ್ವಿಸಿಗೆ ಮುಂಚೆಯೂ ಎರಡರ ನಡುವೆ ಹೆಚ್ಚುಕಡಿಮೆ ಇದೇ ಅಂತರವಿತ್ತು. ಅಂದರೆ ಉಳಿದೆಲ್ಲ ಕೆಲಸದಿಂದ ಈ ಅಂತರಕ್ಕೆ ಏನೂ ಆಗಿರಲಿಲ್ಲ. ನಾಲ್ಕನೆಯ ಚಕ್ರ ತಿರುಗುತ್ತಲೇ ಇರುವಾಗ ಅದರ ಒಳಗಿನ ಕ್ರೋನೋಗ್ರಾಫ್ ದಂಡ ನಿಂತಿರುತ್ತದೆ. ಇವೆರಡರ ನಡುವಿನ ಎಣ್ಣೆ ಐವತ್ತು ವರ್ಷಗಳಲ್ಲಿ ಅಂಟಾಗಿ, ಆ ಅಂಟನ್ನು ಎಳೆಯುವುದಕ್ಕೇ ಶಕ್ತಿಯೆಲ್ಲ ಹೋಗುತ್ತದೆ. ಕ್ರೋನೋಗ್ರಾಫ್ ಓಡುವಾಗ ಎರಡೂ ಒಟ್ಟಿಗೆ ತಿರುಗುವುದರಿಂದ ಆ ಎಳೆತವೇ ಇರುವುದಿಲ್ಲ.

ಮೊದಲ ಪ್ರಯತ್ನದಲ್ಲಿ ಕ್ಲಚ್ಚನ್ನು ಇಡಿಯಾಗಿ ಅಲ್ಟ್ರಾಸಾನಿಕ್ ಯಂತ್ರದಲ್ಲಿ ಹಾಕಿ, ಒಣಗಿಸಿ, ಎಣ್ಣೆ ಹಾಕದೆ ಜೋಡಿಸಿದೆ. ನಿಲ್ಲಿಸಿದಾಗಲೂ 205 ಡಿಗ್ರಿ ಬಂದದ್ದನ್ನು ನೋಡಿ ಸಂತೋಷದಲ್ಲಿ ಮಾಲೀಕರಿಗೆ ಫೋನ್ ಮಾಡಿಯೇ ಬಿಟ್ಟೆ. ಮೂರು ವಾರ ಕಳೆಯುವುದರೊಳಗೆ ವಾಚು ಹಿಂದೆ ಬಂತು. ಲೋಹಕ್ಕೆ ಲೋಹ ಒಣಗಿ ಉಜ್ಜಿ, ದಂಡದ ಮೇಲೆ ಕಂದು ಬಣ್ಣದ ಪುಡಿ ಕೂತಿತ್ತು. ಎರಡನೆಯ ಸಲ ಎಣ್ಣೆ ಹಾಕಿದೆ, ಆದರೆ ಹೆಚ್ಚಾಗಿ ಹಾಕಿದೆ. ಟೈಮ್‌ಗ್ರಾಫರಿನ ಅಂಕಿಗಳು ಎರಡೂ ಸ್ಥಿತಿಯಲ್ಲಿ ಸುಂದರವಾಗಿದ್ದವು. ಆದರೆ ಟೈಮ್‌ಗ್ರಾಫರ್ ಕೇಳಿಸಿಕೊಳ್ಳುವುದು ಬ್ಯಾಲೆನ್ಸಿನ ಸದ್ದನ್ನು. ಕ್ಲಚ್ ಜಾರುತ್ತಿದೆಯೇ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಎಣ್ಣೆ ಹರಿದು ಕ್ಲಚ್ಚಿನ ಹಿಡಿತದ ಮುಖಕ್ಕೆ ತಲುಪಿತ್ತು, ಕೆಂಪು ಮುಳ್ಳು ಗಂಟೆಗೆ ಇಪ್ಪತ್ತು ಸೆಕೆಂಡಿನಷ್ಟು ಹಿಂದೆ ಬೀಳುತ್ತಿತ್ತು, ಗಂಟೆ ನಿಮಿಷಗಳ ಮುಳ್ಳುಗಳು ಮಾತ್ರ ಸರಿಯಾಗಿದ್ದವು. ಈ ಮಾದರಿಯಲ್ಲಿ ಬೇರೆ ಸೆಕೆಂಡಿನ ಮುಳ್ಳು ಇಲ್ಲದಿರುವುದರಿಂದ, ಬೇಕೆಂದೇ ಕೂತು ಹೋಲಿಸಿ ನೋಡದಿದ್ದರೆ ಈ ದೋಷ ಕಣ್ಣಿಗೆ ಬೀಳುವುದೇ ಇಲ್ಲ. ಅಂದಿನಿಂದ ನಾನು 6139 ಯಾವುದನ್ನೂ ಹನ್ನೆರಡು ಗಂಟೆಯಾದರೂ ಕ್ರೋನೋಗ್ರಾಫ್ ಓಡಿಸಿ, ಮೊಬೈಲಿನ ಗಡಿಯಾರದ ಪಕ್ಕ ಇಟ್ಟು ನೋಡದೆ ಹೊರಗೆ ಕಳಿಸಿಲ್ಲ.

ಮೂರನೆಯ ಸಲ ಮಾಡಿದ್ದು ದೊಡ್ಡ ತಪ್ಪು. ಬಿಡಿಭಾಗಗಳನ್ನು ಒತ್ತಿ ಕಳಚುವ, ಕೂಡಿಸುವ ಸ್ಟೇಕಿಂಗ್ ಸೆಟ್ಟಿನಲ್ಲಿ ಇಟ್ಟು ಕ್ಲಚ್ಚನ್ನು ಬಿಡಿಸಿಯೇ ಬಿಡುತ್ತೇನೆ ಎಂದು ಹೊರಟೆ. ಬಿಡಿಸುವುದೇನೋ ಬಿಡಿಸಿದೆ; ಮತ್ತೆ ಕೂಡಿಸುವಾಗ ಒಳಗಿನ ಸ್ಪ್ರಿಂಗಿನ ಒಂದು ಕಾಲು ಬಾಗಿತು, ಅದನ್ನು ನೆಟ್ಟಗೆ ಮಾಡಲು ಹೋದಾಗ ಮುರಿಯಿತು. ವಿದೇಶದಿಂದ ಹಳೆಯ ಮೂವ್‌ಮೆಂಟ್ (ವಾಚಿನ ಒಳಯಂತ್ರ) ಒಂದನ್ನು ತರಿಸಿದೆ. ಅದಕ್ಕೆ ಸುಮಾರು ಒಂಬತ್ತು ಸಾವಿರ, ಮೇಲೆ ಕಸ್ಟಮ್ಸ್ ಮತ್ತು ಕೊರಿಯರ್ ಸೇರಿ ಎರಡು ಸಾವಿರದ ಹತ್ತಿರ. ಬಂದ ಮೂವ್‌ಮೆಂಟಿನ ಕ್ಲಚ್ ಕೂಡ ಒಣಗಿಯೇ ಇತ್ತು. ಎರಡನೆಯದನ್ನು ತರಿಸಿದೆ, ಅದರ ಕ್ಲಚ್ಚಿನ ಮುಖ ಸವೆದಿತ್ತು. ಹೀಗೆ ಒಂದು ವಾಚಿಗಾಗಿ ಒಟ್ಟು ಇಪ್ಪತ್ತಾರು ಸಾವಿರ ರೂಪಾಯಿ ನನ್ನ ಕೈಯಿಂದ ಹೋಯಿತು, ಮಾಲೀಕರಿಗೆ ಒಪ್ಪಿಕೊಂಡಿದ್ದ ಮಜೂರಿ ನಾಲ್ಕು ಸಾವಿರ. "ನಾನು ಮೊದಲೇ ಹೇಳಲಿಲ್ಲವಾ ಮಾರಾಯ, ಅದರ ಸುದ್ದಿಗೆ ಹೋಗಬೇಡ ಅಂತ" ಎಂದರು ಹಿರಿಯರು. ಅವರನ್ನು ದೂರುವಂತಿಲ್ಲ. ನಮ್ಮ ತಲೆಮಾರಿನವರ ಕೈ ಪಳಗಿದ್ದು ಎಚ್‌ಎಂಟಿ ಜನತಾ, ಪೈಲಟ್‌ಗಳ ಮೇಲೆ. ಕ್ರೋನೋಗ್ರಾಫ್ ಎಂಬುದು ವರ್ಷಕ್ಕೊಂದು ಬಂದರೆ ಬಂತು.

ಆದರೆ ಆ ಮುರಿದ ಕ್ಲಚ್ಚೇ ನನಗೆ ಪಾಠ ಹೇಳಿತು. ಬಿಡಿಸಿದ ತುಂಡುಗಳನ್ನು ಲೂಪಿನ ಕೆಳಗೆ ದಿನಗಟ್ಟಲೆ ನೋಡಿದಾಗ ಒಂದು ವಿಷಯ ಹೊಳೆಯಿತು. ಕ್ಲಚ್ಚನ್ನು ಮೂವ್‌ಮೆಂಟಿನಿಂದ ಹೊರಗೆ ತೆಗೆದಾಗ ಸ್ಪ್ರಿಂಗಿನ ಒತ್ತಡದಿಂದ ಅದು ಹಿಡಿದುಕೊಂಡ ಸ್ಥಿತಿಯಲ್ಲೇ ಇರುತ್ತದೆ. ಆ ಸ್ಥಿತಿಯಲ್ಲಿ ಎಷ್ಟು ತೊಳೆದರೂ ಚಕ್ರ ಮತ್ತು ದಂಡ ಒಟ್ಟಿಗೇ ತಿರುಗುವುದರಿಂದ, ಅವುಗಳ ನಡುವಿನ ಅಂಟು ಪೂರ್ತಿಯಾಗಿ ಹೋಗುವುದೇ ಇಲ್ಲ. ಮೂವ್‌ಮೆಂಟಿನಲ್ಲಿ ಎರಡು ಸನ್ನೆಗಳು ಎರಡೂ ಬದಿಯಿಂದ ಬಂದು ಕ್ಲಚ್ಚಿನ ಉಂಗುರವನ್ನು ಚಿಮಟದಂತೆ ಹಿಡಿದು ಎತ್ತುತ್ತವಲ್ಲ, ಅದೇ ಕೆಲಸವನ್ನು ಮೇಜಿನ ಮೇಲೆ ಮಾಡಿದರೆ?

ಹಿತ್ತಾಳೆಯ ಹಲಗೆಯೊಂದನ್ನು ಕೊರೆದು, ಹಳೆಯ ಮೂವ್‌ಮೆಂಟಿನ ಆ ಎರಡು ಸನ್ನೆಗಳನ್ನೇ ಅದರ ಮೇಲೆ ಕೂರಿಸಿ, ಒಂದು ಸ್ಕ್ರೂನಿಂದ ಅವು ಹತ್ತಿರ ಬರುವಂತೆ ಮಾಡಿದೆ. ಮಂಗಳೂರಿನ ಲೇತ್ ಅಂಗಡಿಯೊಂದರಲ್ಲಿ ಈ ಹಲಗೆಗೆ ತಗುಲಿದ್ದು ಆರುನೂರು ರೂಪಾಯಿ. ಕ್ಲಚ್ಚನ್ನು ಇದರಲ್ಲಿ ನಿಲ್ಲಿಸಿ ಸ್ಕ್ರೂ ತಿರುಗಿಸಿದರೆ ಉಂಗುರ ಕೂದಲೆಳೆಯಷ್ಟು ಮೇಲೇಳುತ್ತದೆ, ಚಕ್ರ ದಂಡದಿಂದ ಬಿಡುಗಡೆಯಾಗುತ್ತದೆ. ಪೆಗ್‌ವುಡ್ ಎಂಬ ಮರದ ಕಡ್ಡಿಯ ತುದಿಯಿಂದ ಚಕ್ರದ ಅಂಚನ್ನು ಮೆಲ್ಲಗೆ ತಟ್ಟಿದಾಗ, ಕೊಳೆಯಿರುವ ಕ್ಲಚ್ಚಿನಲ್ಲಿ ಚಕ್ರ ಜೇನುತುಪ್ಪದಲ್ಲಿ ಸಿಕ್ಕಿದಂತೆ ಕಾಲು ಸುತ್ತು ಹೋಗಿ ನಿಲ್ಲುತ್ತದೆ. ಇಡೀ ಹಲಗೆಯನ್ನೇ ವೈಟ್ ಪೆಟ್ರೋಲಿನಲ್ಲಿ ಮುಳುಗಿಸಿ, ಅರ್ಧ ಗಂಟೆ ಬಿಟ್ಟು, ಚಕ್ರವನ್ನು ಇಪ್ಪತ್ತು ಮೂವತ್ತು ಸುತ್ತು ತಿರುಗಿಸಿ, ಹೊರತೆಗೆದು ಬ್ಲಾಟಿಂಗ್ ಕಾಗದಕ್ಕೆ ದಂಡದ ಬುಡವನ್ನು ಮುಟ್ಟಿಸಿದೆ. ಕಾಗದದ ಮೇಲೆ ಸಾಸಿವೆ ಕಾಳಿನಷ್ಟು ದೊಡ್ಡ ಚಹಾ ಬಣ್ಣದ ಕಲೆ ಮೂಡಿತು. ಅಲ್ಟ್ರಾಸಾನಿಕ್ಕಿನಲ್ಲಿ ಮೂರು ಸಲ ತೊಳೆದಿದ್ದ ಕ್ಲಚ್ಚಿನಿಂದ ಬಂದ ಕಲೆ ಅದು! ಹೀಗೆಯೇ ಮತ್ತೆ ಮತ್ತೆ ಮಾಡಿದಾಗ ಕಲೆ ತಿಳಿಯಾಗುತ್ತ ಹೋಗಿ, ಏಳನೆಯದೋ ಎಂಟನೆಯದೋ ಸಲಕ್ಕೆ ಕಾಗದ ಬಿಳಿಯಾಗಿಯೇ ಉಳಿಯಿತು. ಆಗ ಚಕ್ರವನ್ನು ತಟ್ಟಿದರೆ ಅದು ತಾನಾಗಿ ಐದಾರು ಸುತ್ತು ತಿರುಗಿ ನಿಧಾನವಾಗಿ ನಿಂತಿತು. ಆ ಸುತ್ತುಗಳನ್ನು ನೋಡಿದ ರಾತ್ರಿ ನಾನು ಅಂಗಡಿ ಮುಚ್ಚಿದ್ದು ಹನ್ನೊಂದು ಗಂಟೆ ದಾಟಿದ ಮೇಲೆ.

ಎಣ್ಣೆಯ ವಿಚಾರದಲ್ಲಿ ಇಷ್ಟು ಹೇಳುತ್ತೇನೆ. ಮೋಬಿಯಸ್ 9010 ಸಾಕು, ಅತಿ ಸಣ್ಣ ಆಯಿಲರ್ ಬೇಕು, ಉಂಗುರ ಎತ್ತಿದ ಸ್ಥಿತಿಯಲ್ಲಿಯೇ ಹಾಕಬೇಕು, ಹಾಕಿದ ಮೇಲೆ ಚಕ್ರ ತಿರುಗಿಸಿ ಎಣ್ಣೆ ಒಳಗೆ ಹೋಗಲು ಸಮಯ ಕೊಡಬೇಕು, ಹಿಡಿತದ ಮುಖದ ಹತ್ತಿರಕ್ಕೂ ಅದು ಸುಳಿಯಬಾರದು. ಎಣ್ಣೆ ಆ ಮುಖದ ಕಡೆ ಹರಿಯದಂತೆ ತಡೆಯಲು ನಾನು ಮುಂಚೆಯೇ ಒಂದು ಕೆಲಸ ಮಾಡುತ್ತೇನೆ. ಎರಡು ಕ್ಲಚ್ ಕಳೆದುಕೊಂಡು ಕಲಿತ ಆ ಕೆಲಸವನ್ನು ಇಲ್ಲಿ ಬರೆಯುವುದಿಲ್ಲ; ಅಂಗಡಿಗೆ ಬಂದು ಪಕ್ಕದಲ್ಲಿ ಕೂತವರಿಗೆ ತೋರಿಸಲು ನನ್ನ ಅಭ್ಯಂತರವಿಲ್ಲ. ಎಣ್ಣೆಯ ಅಳತೆಯೂ ಹಾಗೆಯೇ, ಕಣ್ಣಿನಿಂದ ನೋಡಿ ಕಲಿಯಬೇಕಾದದ್ದು.

ಕುಂದಾಪುರದ ವಾಚಿಗೆ, ಎರಡನೆಯ ಮೂವ್‌ಮೆಂಟನ್ನು ಪಕ್ಕಕ್ಕಿಟ್ಟು, ಮೊದಲು ತರಿಸಿದ ಮೂವ್‌ಮೆಂಟಿನ ಕ್ಲಚ್ಚನ್ನೇ ಹೀಗೆ ತೊಳೆದು ಹಾಕಿದೆ. ಓಡುವಾಗ 232, ನಿಲ್ಲಿಸಿದಾಗ 225. ಹನ್ನೆರಡು ಗಂಟೆಯಲ್ಲಿ ಕೆಂಪು ಮುಳ್ಳು ಮತ್ತು ನಿಮಿಷದ ಮುಳ್ಳಿನ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸವೇ ಬರಲಿಲ್ಲ. ಆ ವಾಚು ಹೋಗಿ ಈಗ ಎರಡು ವರ್ಷದ ಮೇಲಾಯಿತು, ಕಳೆದ ದೀಪಾವಳಿಗೆ ಮಾಲೀಕರು ತೋರಿಸಲು ತಂದಾಗ ಅಂಕಿಗಳು ಹತ್ತು ಡಿಗ್ರಿಯಷ್ಟೂ ಇಳಿದಿರಲಿಲ್ಲ.

ಈ ವಾಚಿನಲ್ಲಿ ನನ್ನನ್ನು ಕಾಡಿದ ಇನ್ನೊಂದು ಭಾಗ, ಡಯಲಿನ ಸುತ್ತ ತಿರುಗುವ ಹಳದಿ ಒಳಬಳೆ. ಚಾವಿ ತಿರುಗಿಸಿದರೆ ಒಂದು ಪುಟ್ಟ ಹಲ್ಲುಚಕ್ರದ ಮೂಲಕ ಆ ಬಳೆ ತಿರುಗಬೇಕು. ಹೆಚ್ಚಿನ ವಾಚುಗಳಲ್ಲಿ ಆ ಚಕ್ರ ಬಿರುಕು ಬಿಟ್ಟಿರುತ್ತದೆ. ನಾನು ಮೊದಲು ಹಿತ್ತಾಳೆಯಲ್ಲಿ ಮಾಡಿಸಿದೆ; ತಿರುಗಿತು, ಆದರೆ ಬಳೆಯ ಹಲ್ಲುಗಳನ್ನೇ ಕೆರೆಯತೊಡಗಿತು. ಬಳಿಕ ಗಟ್ಟಿ ನೈಲಾನಿನಲ್ಲಿ ಮಾಡಿಸಿದ್ದು ಸರಿಯಾಗಿ ಕೂತಿತು, ಒಂದಕ್ಕೆ ನೂರೈವತ್ತು ರೂಪಾಯಿ ಬಿತ್ತು. ಕರಾವಳಿಯ ಬೆವರಿಗೆ ಗುಂಡಿಗಳ ಗ್ಯಾಸ್ಕೆಟ್ ಹೋಗಿ, ಗುಂಡಿಯ ಕೆಳಗೆ ತುಕ್ಕು ಹಿಡಿದಿರುವುದು ನಮ್ಮ ಕಡೆಯ ವಾಚುಗಳಲ್ಲಿ ಸಾಮಾನ್ಯ. ಅದನ್ನು ಬದಲಾಯಿಸದೆ ಕ್ಲಚ್ ಕೆಲಸ ಮಾಡುವುದು ವ್ಯರ್ಥ. ಕೇಸಿಗೆ ಪಾಲಿಶ್ ಮಾಡಿಕೊಡಿ ಎಂದು ಕೇಳುವವರಿಗೆ ಮಾತ್ರ ನಾನು ಒಪ್ಪುವುದಿಲ್ಲ. ಈ ಕೇಸಿನ ಮೇಲ್ಭಾಗದ ಗೆರೆಗೆಲಸ ಮತ್ತು ಅಂಚುಗಳು ಒಮ್ಮೆ ಬಫ್ ಚಕ್ರಕ್ಕೆ ಸಿಕ್ಕಿದರೆ ಮತ್ತೆ ಬರುವುದಿಲ್ಲ. ಡಯಲನ್ನೂ ಬದಲಾಯಿಸಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಪೇಟೆಯಲ್ಲಿ ಸಿಗುವ ಹೊಸ ಹಳದಿ ಡಯಲುಗಳು ಹೆಚ್ಚಾಗಿ ನಕಲಿ, ಅಪ್ಪನ ಕಾಲದ ಮಾಸಿದ ಡಯಲೇ ಆ ವಾಚಿನ ಬೆಲೆ.

ಒಮ್ಮೆ ಇದೇ ಹಲಗೆಯಲ್ಲಿ ಸೀಕೋದ ಇನ್ನೊಂದು ಕ್ರೋನೋಗ್ರಾಫ್ ಆದ 6138ರ ಕ್ಲಚ್ ಕೂಡ ತೊಳೆಯಲು ಹೋದೆ. ಸನ್ನೆಗಳ ನಡುವಿನ ಅಂತರವನ್ನು ಸ್ವಲ್ಪ ಹೊಂದಿಸಿದ ಮೇಲೆ ಅದಕ್ಕೂ ಸರಿಹೋಯಿತು.

ಇದುವರೆಗೆ ಲೆಕ್ಕ ಹಾಕಿದರೆ ಹನ್ನೊಂದು ಕ್ಲಚ್ ಈ ಹಲಗೆಯ ಮೇಲೆ ಬಂದಿವೆ, ಒಂಬತ್ತು ಗೆದ್ದಿವೆ. ಸೋತ ಎರಡರಲ್ಲಿ ಒಂದರ ಮುಖ ಸವೆದು ಹೊಳಪಾಗಿತ್ತು, ಅದಕ್ಕೆ ತೊಳೆಯುವುದು ಮದ್ದಲ್ಲ. ಇನ್ನೊಂದರ ಸ್ಪ್ರಿಂಗನ್ನು ನನಗಿಂತ ಮುಂಚೆ ಯಾರೋ ಬಗ್ಗಿಸಿದ್ದರು. ಪೂರ್ತಿ ಸರ್ವಿಸಿನ ಜೊತೆಗೆ ಕ್ಲಚ್ಚಿಗೆಂದು ನಾನು ಮೂರೂವರೆ ಸಾವಿರ ಬೇರೆ ತೆಗೆದುಕೊಳ್ಳುತ್ತೇನೆ. ಕಳೆದುಕೊಂಡ ಇಪ್ಪತ್ತಾರು ಸಾವಿರ ಎಂಟನೆಯ ವಾಚಿನ ಹೊತ್ತಿಗೆ ಕೈಗೆ ಮರಳಿತು. ಒಂಬತ್ತನೆಯದನ್ನು ತಂದುಕೊಟ್ಟವರು ಬೇರೆ ಯಾರೂ ಅಲ್ಲ, ನನ್ನ ಹಿರಿಯರೇ. ಗಿರಾಕಿಯೊಬ್ಬರ ನೀಲಿ ಡಯಲಿನ 6139 ಅನ್ನು ಕರವಸ್ತ್ರದಲ್ಲಿ ಸುತ್ತಿ ತಂದು ಮೇಜಿನ ಮೇಲಿಟ್ಟು, "ಇದನ್ನೂ ನಿನ್ನ ಹಲಗೆಗೆ ಹಾಕಿ ನೋಡು" ಎಂದರು, ಮತ್ತು ಕಾಗದದ ಮೇಲೆ ಕಲೆ ತಿಳಿಯಾಗುವ ತನಕ ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತಿದ್ದರು.